ವಾಪಸು ಬರುವ ಪುರಾವೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಧಾರವಾಡದವರು. ಗಂಡ ತೀರಿಕೊಂಡ ಮೇಲೆ ವರ್ಷದಲ್ಲಿ ಎಂಟು ತಿಂಗಳು ಪುಣೆಯಲ್ಲಿ ಮಗನ ಮನೆಯಲ್ಲಿ, ಉಳಿದ ನಾಲ್ಕು ತಿಂಗಳು ಧಾರವಾಡದಲ್ಲಿ. ರೋಮನ್ ಸಾಮ್ರಾಜ್ಯದ ಪತನಕ್ಕೆ ಕಾರಣಗಳೇನು ಎಂದು ಐದು ಅಂಕದ ಪ್ರಶ್ನೆಯನ್ನು ಮೂವತ್ತು ವರ್ಷವೂ ಬರೆಸಿದವರು. ಆ ರೋಮನ್ನು ಒಮ್ಮೆಯೂ ಕಂಡವರಲ್ಲ. ಅರವತ್ತಾರನೆಯ ವಯಸ್ಸಿನಲ್ಲಿ ಹತ್ತು ದಿನ ಹೋಗಿ ನೋಡಿಕೊಂಡು ಬರೋಣ ಅಂತ ಮನಸ್ಸಾಗಿದೆ. ಮಗ ಟಿಕೆಟ್ಟಿನ ಖರ್ಚು ಕೊಡುತ್ತಾನೆ, ಸೊಸೆ ಹೋಟೆಲು ಹುಡುಕಿದ್ದಾಳೆ. ಇನ್ನು ಉಳಿದದ್ದು ಫೈಲು.

ಆ ಫೈಲಿನಲ್ಲಿ ಏನೇನಿರಬೇಕು ಎನ್ನುವುದು ಒಮ್ಮೆ ಅದನ್ನು ಜೋಡಿಸಿದ ಯಾರಿಗಾದರೂ ಬಾಯಿಪಾಠ. ಪಾಸ್‌ಪೋರ್ಟು, ಹಳೆಯ ಪಾಸ್‌ಪೋರ್ಟು, ನಿಗದಿತ ಅಳತೆಯ ಫೋಟೊ, ತುಂಬಿದ ಅರ್ಜಿ, ವಿಮಾನದ ಕಾಯ್ದಿರಿಸುವಿಕೆ, ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದಕ್ಕೆ ಹೋಟೆಲಿನ ಚೀಟಿ, ಪ್ರತಿ ಹಗಲು ಏನು ನೋಡುತ್ತೀರಿ ಎಂಬುದಕ್ಕೆ ದಿನವಹಿ, ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ, ತಿಂಗಳುಗಟ್ಟಲೆಯ ಬ್ಯಾಂಕ್ ಲೆಕ್ಕ, ಆದಾಯ ತೆರಿಗೆಯ ರಿಟರ್ನು, ಕೆಲಸದಲ್ಲಿದ್ದರೆ ಸಂಬಳದ ಚೀಟಿ ಮತ್ತು ರಜೆ ಮಂಜೂರಾದ ಪತ್ರ, ಖರ್ಚು ಬೇರೆಯವರು ಹೊರುವುದಾದರೆ ಅವರ ಇಷ್ಟೂ ಕಾಗದ ಮತ್ತೊಮ್ಮೆ. ಕೊನೆಗೆ ಎಲ್ಲದರ ಮೇಲಿಡಲು ಒಂದು ಪತ್ರ. ಮದುವೆಯ ಮಾತುಕತೆಗೂ ಇಷ್ಟು ವಿಚಾರಿಸುವುದಿಲ್ಲ.

ಈ ಕಾಗದಗಳನ್ನು ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಸಮರ್ಥನೆ ಉಂಟು. ಕಾಯಿಲೆ ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು? ವಿಮೆ ಬೇಕು. ಕೈಯಲ್ಲಿ ಕಾಸಿಲ್ಲದೆ ಬಂದರೆ? ಬ್ಯಾಂಕ್ ಲೆಕ್ಕ ಬೇಕು. ಆದರೆ ಒಟ್ಟಾಗಿ ನೋಡಿದರೆ ಇವುಗಳಲ್ಲಿ ಹೆಚ್ಚಿನವು ಕೇಳುವುದು 'ಯಾಕೆ ಬರುತ್ತೀರಿ' ಎಂಬ ಪ್ರಶ್ನೆಯನ್ನಲ್ಲ. 'ವಾಪಸು ಹೋಗುತ್ತೀರಿ ಎಂಬುದಕ್ಕೆ ಏನು ಗ್ಯಾರಂಟಿ' ಎಂಬುದನ್ನು. ಪ್ರವಾಸಿ ವೀಸಾದ ಇಡೀ ವ್ಯವಹಾರ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ, ಮತ್ತು ಭಾರತದಂಥ ದೇಶದ ಸಾಮಾನ್ಯ ಪ್ರವಾಸಿಗೆ ಅನ್ಯಾಯವಾಗುತ್ತಿರುವುದೂ ಇಲ್ಲಿಯೇ. ಆ ಪ್ರಶ್ನೆ ಕೇಳುವುದು ತಪ್ಪಲ್ಲ. ಅದಕ್ಕೆ ಎಂಥ ಉತ್ತರವನ್ನು ಪುರಾವೆ ಎಂದು ಒಪ್ಪುತ್ತಾರೆ, ಒಪ್ಪದಿದ್ದಾಗ ಏನು ಹೇಳುತ್ತಾರೆ ಎಂಬುದರಲ್ಲಿ ತಪ್ಪಿದೆ.

ಶೆಂಗೆನ್ ಎನ್ನುವುದು ಲಕ್ಸೆಂಬರ್ಗಿನ ಒಂದು ಪುಟ್ಟ ಹಳ್ಳಿಯ ಹೆಸರು. ಮೊಸೆಲ್ ನದಿಯ ದಂಡೆ, ಎದುರಿಗೆ ಜರ್ಮನಿ, ಪಕ್ಕದಲ್ಲಿ ಫ್ರಾನ್ಸು. 1985ರ ಜೂನ್ 14ರಂದು ಅಲ್ಲಿ ನಿಂತಿದ್ದ ಒಂದು ಹಡಗಿನ ಮೇಲೆ ಐದು ದೇಶಗಳು ತಮ್ಮ ನಡುವಿನ ಗಡಿಯ ತಪಾಸಣೆಯನ್ನು ಹಂತಹಂತವಾಗಿ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಜಾರಿಗೆ ಬರಲು ಮತ್ತೆ ಹತ್ತು ವರ್ಷ ಹಿಡಿಯಿತು; 1995ರ ಮಾರ್ಚಿನಲ್ಲಿ ಬಾಗಿಲುಗಳು ತೆರೆದವು. ಈಗ ಆ ವಲಯದಲ್ಲಿ 29 ದೇಶಗಳಿವೆ. ಒಂದು ವೀಸಾ ಸಿಕ್ಕಿದರೆ ಲಿಸ್ಬನ್ನಿನಿಂದ ಹೆಲ್ಸಿಂಕಿಯವರೆಗೆ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಓಡಾಡಬಹುದು. ಒಳಗಿನ ಗೋಡೆಗಳನ್ನು ಕೆಡವಿದ ಮನೆಯವರು ಹೊರಗಿನ ಬಾಗಿಲಿಗೆ ಎರಡು ಚಿಲಕ ಹಾಕಿಕೊಳ್ಳುವುದು ಸಹಜ. ರೋಮಿಗೆಂದು ಕೊಟ್ಟ ವೀಸಾ ಹಿಡಿದು ಒಬ್ಬರು ಸ್ಟಾಕ್‌ಹೋಮಿಗೂ ಹೋಗಬಹುದು ಎಂದ ಮೇಲೆ ಕೊಡುವವರು ಹತ್ತು ಸಲ ಯೋಚಿಸುತ್ತಾರೆ.

ಲೆಕ್ಕವನ್ನೂ ನೋಡೋಣ ಎಂದರೆ, ಯುರೋಪಿಯನ್ ಕಮಿಷನ್ನೇ ಪ್ರತಿ ವರ್ಷ ಅಂಕಿಗಳನ್ನು ಪ್ರಕಟಿಸುತ್ತದೆ. 2024ರಲ್ಲಿ ಭಾರತದಿಂದ ಸಲ್ಲಿಕೆಯಾದ ಶೆಂಗೆನ್ ಅರ್ಜಿಗಳು ಸುಮಾರು 11 ಲಕ್ಷ. ಚೀನಾ, ಟರ್ಕಿ ಬಿಟ್ಟರೆ ಅತಿ ಹೆಚ್ಚು. ನಿರಾಕರಿಸಿದ್ದು ಸುಮಾರು 1.65 ಲಕ್ಷ, ಅಂದರೆ ನೂರಕ್ಕೆ ಹದಿನೈದು. ಜಗತ್ತಿನ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ, ಆದ್ದರಿಂದ ಭಾರತೀಯರನ್ನೇ ಆರಿಸಿ ಹೊರಗಿಡುತ್ತಿದ್ದಾರೆ ಎಂಬ ದೂರು ನಿಲ್ಲುವುದಿಲ್ಲ. ನೂರಕ್ಕೆ ಎಂಬತ್ತೈದು ಮಂದಿಗೆ ಸಿಗುತ್ತದಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ. ಉಳಿದ ಹದಿನೈದರ ಕತೆಯನ್ನು ಅವರು ಕೇಳಬೇಕು.

ಅರ್ಜಿಯ ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೋ. ಅದಕ್ಕೂ ನಾಲ್ಕು ವರ್ಷ ಮುಂಚೆ ಅದು 60ರಿಂದ 80ಕ್ಕೆ ಏರಿತ್ತು. ಇದರ ಮೇಲೆ ಅರ್ಜಿ ತೆಗೆದುಕೊಳ್ಳುವ ಖಾಸಗಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗಲಿ ಬಿಡಲಿ, ಎರಡೂ ವಾಪಸು ಬರುವುದಿಲ್ಲ. ಒಂದೇ ವರ್ಷದಲ್ಲಿ ನಿರಾಕರಣೆಗೊಂಡ ಭಾರತದ ಅರ್ಜಿಗಳ ಶುಲ್ಕ, ಮಕ್ಕಳ ರಿಯಾಯಿತಿಯನ್ನು ಧಾರಾಳವಾಗಿ ಕಳೆದರೂ, ಒಂದು ಕೋಟಿ ಯೂರೋ ದಾಟುತ್ತದೆ. ಪರಿಶೀಲನೆಗೆ ಖರ್ಚಿದೆ, ಅದಕ್ಕೆ ಶುಲ್ಕ ಎನ್ನುವ ವಾದ ಸರಿಯೇ. ಆದರೆ ಪರಿಶೀಲನೆ ನಡೆಯಿತು ಎಂದಾದರೆ ಅದರ ಫಲಿತಾಂಶವನ್ನು ಅರ್ಥವಾಗುವ ಹಾಗೆ ಹೇಳಬೇಕಲ್ಲ. ಅಲ್ಲಿದೆ ತೊಡಕು.

ನಿರಾಕರಣೆ ಬರುವುದು ಒಂದು ಮುದ್ರಿತ ನಮೂನೆಯಲ್ಲಿ. ಯುರೋಪಿನ ವೀಸಾ ಸಂಹಿತೆಯೇ ಅದನ್ನು ಗೊತ್ತುಮಾಡಿದೆ. ಎಲ್ಲ ದೇಶಗಳಿಗೂ ಒಂದೇ. ಕಾರಣಗಳ ಸಾಲು, ಪ್ರತಿಯೊಂದರ ಪಕ್ಕ ಒಂದು ಚೌಕ. ಖೋಟಾ ಪಾಸ್‌ಪೋರ್ಟು, ವಿಮೆ ಇಲ್ಲ, ಹಣ ಸಾಲದು ಎಂಬಂಥ ಚೌಕಗಳಿಗೆ ಗುರುತು ಬಿದ್ದರೆ ಏನೋ ಅರ್ಥವಾಗುತ್ತದೆ, ಮುಂದಿನ ಸಲ ಸರಿಪಡಿಸಿಕೊಳ್ಳಬಹುದು. ಕಾಡುವುದು ಇನ್ನೊಂದು ಚೌಕ: ವೀಸಾ ಮುಗಿಯುವ ಮುಂಚೆ ನೀವು ಹೊರಟುಹೋಗುವ ಉದ್ದೇಶದ ಬಗ್ಗೆ ಸಮಂಜಸ ಸಂದೇಹಗಳಿವೆ ಎಂಬುದು. ಯಾವ ಸಂದೇಹ? ಯಾವ ಕಾಗದ ನೋಡಿ ಬಂತು? ಗುರುತು ಹಾಕಿದ ಚೌಕ ಮಾತಾಡುವುದಿಲ್ಲ. ಆ ಶಿಕ್ಷಕಿ ತಮ್ಮ ಜೀವಮಾನದಲ್ಲಿ ಸಾವಿರಾರು ಉತ್ತರಪತ್ರಿಕೆ ತಿದ್ದಿದ್ದಾರೆ. ಸೊನ್ನೆ ಕೊಟ್ಟರೂ ಎಲ್ಲಿ ತಪ್ಪಾಯಿತು ಅಂತ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದರು.

ಅಮೆರಿಕದ ಕಾನೂನು ಈ ವಿಷಯದಲ್ಲಿ ಇನ್ನೂ ನೇರ. ಅಲ್ಲಿನ ವಲಸೆ ಕಾಯಿದೆಯ 214(ಬಿ) ಕಲಮಿನ ಪ್ರಕಾರ ಪ್ರವಾಸಿ ವೀಸಾ ಕೇಳಿ ಬಂದ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬಂದವರೆಂದೇ ಭಾವಿಸತಕ್ಕದ್ದು. ಅಲ್ಲವೆಂದು ತೋರಿಸುವ ಹೊಣೆ ಬಂದವರದು. ಗಾಜಿನಾಚೆ ಕೂತ ಅಧಿಕಾರಿಯ ಎದುರು ಎರಡೋ ಮೂರೋ ನಿಮಿಷದಲ್ಲಿ ಅದು ಇತ್ಯರ್ಥವಾಗುತ್ತದೆ. ಈ ಎರಡು ನಿಮಿಷಕ್ಕಾಗಿ ಬೆಂಗಳೂರಿನವರು ದಶಕಗಟ್ಟಲೆ ರಾತ್ರಿ ರೈಲಿನಲ್ಲಿ ಚೆನ್ನೈಗೆ, ಹೈದರಾಬಾದಿಗೆ ಹೋಗಿಬಂದಿದ್ದಾರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟು ಉದ್ಘಾಟನೆಯಾದಾಗ ಸಂಭ್ರಮವೇನೋ ಆಯಿತು, ಆದರೆ ಆ ದಿನಕ್ಕೆ ಅಲ್ಲಿ ವೀಸಾ ಸೇವೆ ಇರಲಿಲ್ಲ. ಹೈದರಾಬಾದಿನ ಕನ್ನಡಿಗರಿಗೆ ಚಿಲ್ಕೂರು ಬಾಲಾಜಿಯ ವಿಷಯ ಹೊಸದಾಗಿ ಹೇಳಬೇಕಿಲ್ಲ. ಹನ್ನೊಂದು ಪ್ರದಕ್ಷಿಣೆ ಹಾಕಿ ಹರಕೆ ಹೊತ್ತು, ವೀಸಾ ಸಿಕ್ಕಿದ ಮೇಲೆ ಬಂದು ನೂರೆಂಟು ಪ್ರದಕ್ಷಿಣೆ ಹಾಕಿ ತೀರಿಸುವ ದೇವರು. ಅಲ್ಲಿ ಹುಂಡಿ ಇಲ್ಲ. ಇಷ್ಟಾರ್ಥ ಈಡೇರದವರಿಂದಲೂ ಹಣ ತೆಗೆದುಕೊಳ್ಳದ ವೀಸಾ ಕಚೇರಿ ಎಂದರೆ ಅದೊಂದೇ ಎನ್ನಬೇಕು. ಜನ ಪ್ರದಕ್ಷಿಣೆ ಹಾಕುವುದನ್ನು ಮೂಢನಂಬಿಕೆ ಎಂದು ನಗುವುದು ಸುಲಭ. ಕಾರಣ ತಿಳಿಸದ ತೀರ್ಪಿನ ಎದುರು ಮನುಷ್ಯ ಇನ್ನೇನು ಮಾಡಿಯಾನು?

ಮುಂದೆ ಆಗಬೇಕಾದದ್ದಕ್ಕೆ ಇಂದೇ ಪುರಾವೆ ಕೊಡುವುದು ಹೇಗೂ ಅಸಾಧ್ಯ. ಹಾಗಾಗಿ ಅಧಿಕಾರಿಗಳು ಅದರ ಬದಲಿಗೆ ಸಿಗುವ ಸೂಚನೆಗಳನ್ನು ನೋಡುತ್ತಾರೆ. ಕಾಯಂ ನೌಕರಿ, ತಿಂಗಳ ಸಂಬಳ, ಸ್ವಂತ ಹೆಸರಿನ ಆಸ್ತಿ, ಹಿಂದೆ ಹೋಗಿ ಬಂದ ಮುದ್ರೆಗಳು. ಈ ಪಟ್ಟಿಯನ್ನು ನೋಡಿದರೆ ಅದು ಯಾರ ಬದುಕಿನ ಅಳತೆಗೆ ಹೊಲಿದ ಅಂಗಿ ಎಂದು ತಿಳಿಯುತ್ತದೆ: ಮಹಾನಗರದಲ್ಲಿ ದೊಡ್ಡ ಕಂಪನಿಯಲ್ಲಿ ಸಂಬಳಕ್ಕಿರುವ ನಲವತ್ತರ ಆಸುಪಾಸಿನ ವ್ಯಕ್ತಿಯದು. ಗುರುಗ್ರಾಮದ, ಹಿಂಜೆವಾಡಿಯ, ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಎಂಜಿನಿಯರಿಗೆ ಫೈಲು ಅರ್ಧ ದಿನದ ಕೆಲಸ. ವಿಚಿತ್ರವೆಂದರೆ, ನಾಳೆ ಬರ್ಲಿನ್ನಿನಲ್ಲಿ ನೌಕರಿ ಸಿಕ್ಕರೆ ಗಂಟುಮೂಟೆ ಕಟ್ಟಿ ಹೊರಡಬಲ್ಲವರೂ ಅವರೇ.

ಶಿರಸಿ ಕಡೆಯ ಅಡಿಕೆ ಬೆಳೆಗಾರರನ್ನು ತೆಗೆದುಕೊಳ್ಳಿ. ವರ್ಷಕ್ಕೆ ಎಷ್ಟೋ ಲಕ್ಷದ ವಹಿವಾಟು, ತೋಟ ಬಿಟ್ಟು ಹದಿನೈದು ದಿನ ಇರಲಾರದ ಜೀವ. ಕೊಳೆರೋಗ ಬಂದಿತೆಂದರೆ ಮನೆಯ ಮದುವೆಯಿಂದಲೂ ಎದ್ದು ಬರುವವರು. ಅವರಷ್ಟು ಖಂಡಿತವಾಗಿ ವಾಪಸು ಬರುವ ಪ್ರವಾಸಿ ಯುರೋಪಿಗೆ ಸಿಗಲಾರ. ಆದರೆ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ಅವರಲ್ಲಿ ಅನೇಕರ ಬಳಿ ರಿಟರ್ನು ಎಂಬ ಕಾಗದವೇ ಇರುವುದಿಲ್ಲ. ರಜೆಯ ಪತ್ರ ಕೊಡಲು ಮೇಲಧಿಕಾರಿ ಇಲ್ಲ. ಪಹಣಿ ಇದೆ, ಅದು ಕನ್ನಡದಲ್ಲಿದೆ, ತಂದೆಯ ಹೆಸರಿನಲ್ಲಿದೆ, ಜಂಟಿಯಾಗಿದೆ. ಅನುವಾದ ಮಾಡಿಸಬಹುದು. ಅವಿಭಕ್ತ ಕುಟುಂಬವನ್ನು ಅನುವಾದ ಮಾಡಿಸುವುದು ಹೇಗೆ?

ನಮ್ಮ ಶಿಕ್ಷಕಿಯ ಸ್ಥಿತಿಯೂ ಇದೇ. ಪಿಂಚಣಿ ಬರುತ್ತದೆ, ಸಣ್ಣದು. ಧಾರವಾಡದ ಮನೆ ತೀರಿಕೊಂಡ ಗಂಡನ ಹೆಸರಿನಿಂದ ಇನ್ನೂ ವರ್ಗವಾಗಿಲ್ಲ. ಪಾಸ್‌ಪೋರ್ಟಿನ ವಿಳಾಸ ಧಾರವಾಡದ್ದು, ವಾಸ ಪುಣೆಯದು. ಅರ್ಜಿಯನ್ನು ವಾಸವಿರುವ ಸ್ಥಳಕ್ಕೆ ಸೇರಿದ ಕಾನ್ಸುಲೇಟಿಗೇ ಸಲ್ಲಿಸಬೇಕೆಂಬ ನಿಯಮ ಇರುವುದರಿಂದ ಪುಣೆಯಲ್ಲಿ ಇದ್ದೇನೆ ಎಂಬುದಕ್ಕೆ ಬೇರೆ ಪುರಾವೆ ಹೊಂದಿಸಬೇಕು. ಊರು ಬಿಟ್ಟು ಊರಿಗೆ ಬಂದ ಯಾರಿಗೂ ಇದು ಗೊತ್ತಿರುವ ತಾಪತ್ರಯ: ದಾಖಲೆಗಳು ಒಂದು ರಾಜ್ಯದಲ್ಲಿ, ಮನುಷ್ಯ ಇನ್ನೊಂದು ರಾಜ್ಯದಲ್ಲಿ. ಬದುಕಿದ್ದೇನೆ ಎಂದು ವರ್ಷವರ್ಷವೂ ಖಜಾನೆಗೆ ಪ್ರಮಾಣಪತ್ರ ಕೊಟ್ಟು ರೂಢಿಯಾದವರಿಗೆ ವಾಪಸು ಬರುತ್ತೇನೆ ಎಂದು ಇನ್ನೊಂದು ಕೊಡುವುದು ಕಷ್ಟವೇನಲ್ಲ. ಆದರೆ ಅವರನ್ನು ನಿಜಕ್ಕೂ ವಾಪಸು ಎಳೆದು ತರುವ ಸಂಗತಿಗಳಿಗೆ, ಮೊಮ್ಮಗಳ ಶಾಲೆ, ಧಾರವಾಡದಲ್ಲಿ ಹಾಸಿಗೆ ಹಿಡಿದ ಅಕ್ಕ, ಅಂಗಳದ ಪಾರಿಜಾತ, ಇವುಗಳಿಗೆ ಲೆಟರ್‌ಹೆಡ್ ಇಲ್ಲ.

ಹೆಸರಿನ ಗೋಳು ಇನ್ನೊಂದು. ಹಳೇ ಮೈಸೂರಿನ ಕಡೆ ಊರಿನ, ತಂದೆಯ ಮೊದಲಕ್ಷರಗಳನ್ನಿಟ್ಟುಕೊಂಡು ಒಂದೇ ಹೆಸರಿನಲ್ಲಿ ಬದುಕು ಕಳೆದವರು ಲಕ್ಷಗಟ್ಟಲೆ ಇದ್ದಾರೆ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆದೀತು ಎಂದು ಸಡಿಲಿಸಿತು. ಅಡ್ಡಹೆಸರು ಇಟ್ಟುಕೊಂಡ ಹುಬ್ಬಳ್ಳಿ, ಬೆಳಗಾವಿಯವರು ಈ ಒಂದು ಸಂದರ್ಭದಲ್ಲಿ ಬಚಾವು.

ಇಷ್ಟೆಲ್ಲ ಹೇಳಿ ಎದುರು ಪಕ್ಷದ ಮಾತನ್ನು ಮುಚ್ಚಿಟ್ಟರೆ ಆಗದು. ಅಧಿಕಾರಿಗಳಿಗೆ ಸಂದೇಹ ಸುಮ್ಮನೆ ಹುಟ್ಟಿದ್ದಲ್ಲ. ವೀಸಾಕ್ಕೆಂದೇ ಒಂದು ವಾರದ ಮಟ್ಟಿಗೆ ವಿಮಾನದ ಕಾಯ್ದಿರಿಸುವಿಕೆ ಮಾಡಿಕೊಡುವ ದಂಧೆ ಬಹಿರಂಗವಾಗಿಯೇ ನಡೆಯುತ್ತದೆ. ಅರ್ಜಿಯ ಹಿಂದಿನ ವಾರ ಬ್ಯಾಂಕ್ ಖಾತೆಗೆ ಐದು ಲಕ್ಷ ಬಂದು, ವೀಸಾ ಬಂದ ಮರುದಿನ ಹೊರಟುಹೋಗುತ್ತದೆ. ಯಾವ ದೇಶದ ಸಾಲು ಚಿಕ್ಕದಿದೆಯೋ ಅಲ್ಲಿ ಅರ್ಜಿ ಹಾಕಿ, ಇಳಿಯುವುದು ಇನ್ನೊಂದು ದೇಶದಲ್ಲಿ. ಏಜೆಂಟರು ಇದನ್ನು ಜಾಣತನವೆಂದು ಕಲಿಸುತ್ತಾರೆ. ಒಬ್ಬರ ಜಾಣತನದ ದಂಡವನ್ನು ಮುಂದಿನ ಹತ್ತು ಮಂದಿ ಕಟ್ಟುತ್ತಾರೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಪ್ರವಾಸಕ್ಕೆಂದು ಹೋಗಿ ಉಳಿದುಬಿಟ್ಟವರೂ ಇದ್ದಾರೆ, ಅದೂ ನಿಜ.

ಪರದೇಶಕ್ಕೆ ಕಾಲಿಡುವುದು ಯಾರ ಹಕ್ಕೂ ಅಲ್ಲ ಎನ್ನುವುದೂ ನಿಜ. ಭಾರತದ ಸುಪ್ರೀಂ ಕೋರ್ಟು 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ವಿದೇಶಕ್ಕೆ ಪ್ರಯಾಣ ಮಾಡುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು. ಪಾಸ್‌ಪೋರ್ಟು ಕೊಡುವುದು ಬಿಡುವುದು ಸರ್ಕಾರದ ಮರ್ಜಿ ಎಂಬ ಸ್ಥಿತಿ ಆಗ ಹೋಯಿತು, ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿ ಯಾವುದೇ ದೇಶವನ್ನು ಬಿಟ್ಟು ಹೊರಡುವ, ಸ್ವದೇಶಕ್ಕೆ ಮರಳುವ ಹಕ್ಕು ಎಲ್ಲರಿಗೂ ಇದೆ ಎನ್ನುತ್ತದೆ. ಹೊರಡಬಹುದು, ಮರಳಬಹುದು. ನಡುವೆ ಎಲ್ಲಿ ಇಳಿಯಬೇಕು ಎಂಬುದನ್ನು ಅದು ಹೇಳುವುದಿಲ್ಲ.

ಹಾಗಾಗಿ ಬೇಡಿಕೆ ಇರುವುದು ವೀಸಾವನ್ನೇ ತೆಗೆದುಹಾಕಿ ಎಂದಲ್ಲ. ಥಾಯ್ಲೆಂಡ್ 2023ರ ನವೆಂಬರಿನಲ್ಲಿ, ಮಲೇಷ್ಯ ಆ ಡಿಸೆಂಬರಿನಲ್ಲಿ ಭಾರತೀಯ ಪ್ರವಾಸಿಗಳಿಗೆ ಹಾಗೆ ಮಾಡಿದವು, ತಮ್ಮ ವ್ಯಾಪಾರದ ಲೆಕ್ಕಾಚಾರಕ್ಕೆ. ಯುರೋಪು ಮಾಡಲಿಕ್ಕಿಲ್ಲ. ಆದರೆ ಯುರೋಪೇ ಈಚೆಗೆ ತಂದ ಎರಡು ವ್ಯವಸ್ಥೆಗಳು ಹಳೆಯ ಸಂದೇಹಕ್ಕೆ ಉತ್ತರ ಕೊಡಬಲ್ಲವು.

ಮೊದಲನೆಯದು 2024ರ ಏಪ್ರಿಲ್ಲಿನಲ್ಲಿ ಭಾರತದಲ್ಲಿ ವಾಸಿಸುವ ಭಾರತೀಯರಿಗೆಂದು ಮಾಡಿದ ನಿಯಮ. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದವರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ, ಅದರ ಬೆನ್ನಿಗೆ, ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದರೆ, ಐದು ವರ್ಷದ್ದು. ನಡೆದುಕೊಂಡ ರೀತಿಯೇ ಪುರಾವೆ ಎಂಬ ಈ ತತ್ವ ಸರಿಯಾದದ್ದು. ದೋಷವೆಂದರೆ ಮೆಟ್ಟಿಲು ಶುರುವಾಗುವುದು ಮೂರನೆಯ ಪ್ರವಾಸದಿಂದ. ಅರವತ್ತಾರಕ್ಕೆ ಮೊದಲ ಸಲ ಹೊರಟವರಿಗೆ, ಜೀವಮಾನದಲ್ಲಿ ಒಮ್ಮೆಯೇ ಹೋಗುವವರಿಗೆ ಅದರಿಂದ ಉಪಯೋಗವಿಲ್ಲ.

ಎರಡನೆಯದು 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಶುರುವಾದ ಪ್ರವೇಶ-ನಿರ್ಗಮನ ವ್ಯವಸ್ಥೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಒಳಬಂದವರ, ಹೊರಹೋದವರ ಮುಖ ಮತ್ತು ದಿನಾಂಕ ಗಣಕದಲ್ಲಿ ದಾಖಲು. ಇಷ್ಟು ದಿನ ಮುದ್ರೆಯ ಮಸಿ ನೋಡಿ ದಿನ ಎಣಿಸುತ್ತಿದ್ದ ಗಡಿಗಳಿಗೆ ಇನ್ನು ಮುಂದೆ ಯಾರು ಅವಧಿ ಮೀರಿ ಉಳಿದರು ಎಂಬುದು ಒಬ್ಬೊಬ್ಬರ ಮಟ್ಟಿಗೆ ತಿಳಿಯುತ್ತದೆ. ಹಾಗಿದ್ದರೆ ಸಂದೇಹವೂ ಇನ್ನು ಲೆಕ್ಕಕ್ಕೆ ಬದ್ಧವಾಗಬೇಕು. ಮಗನ ಖರ್ಚಿನಲ್ಲಿ ಹೋದ ಅರವತ್ತು ದಾಟಿದ ಭಾರತೀಯರಲ್ಲಿ ಎಷ್ಟು ಮಂದಿ ಉಳಿದುಬಿಟ್ಟರು? ಕೈಬೆರಳೆಣಿಕೆ ಎಂದಾದರೆ, ಆ ವರ್ಗದ ಅರ್ಜಿಗೆ ಸಂದೇಹದ ಚೌಕ ತುಂಬುವ ಅಧಿಕಾರಿ ಎರಡು ಸಾಲು ಬರೆಯಲೇಬೇಕು ಎಂದು ಕೇಳುವುದು ಅತಿಯಾಸೆಯಲ್ಲ. ಯಾವ ಕಾಗದದಿಂದ ಸಂದೇಹ ಹುಟ್ಟಿತು ಎಂದು ಬರೆಯಲಾಗದಿದ್ದರೆ ಶುಲ್ಕದ ಅರ್ಧವಾದರೂ ಹಿಂತಿರುಗಲಿ. ಬೆರಳಚ್ಚು, ಮುಖ, ಐದಾರು ತಿಂಗಳ ಬ್ಯಾಂಕ್ ಲೆಕ್ಕ ಇಷ್ಟನ್ನೂ ಒಪ್ಪಿಸಿದವರಿಗೆ ಬದಲಿಗೆ ಎರಡು ಸಾಲು.

ಮೇಲ್ಮನವಿ ಇದೆಯಲ್ಲ ಎನ್ನಬಹುದು. ಇದೆ, ಕಾನೂನಿನಲ್ಲಿ. ಫ್ರಾನ್ಸಿನ ನಿರಾಕರಣೆಯ ವಿರುದ್ಧ ನಾಂತ್ ನಗರಕ್ಕೆ ಬರೆಯಬೇಕು. ಜರ್ಮನಿಯಲ್ಲಿ ಅದೇ ಕಾನ್ಸುಲೇಟಿಗೆ ಪತ್ರ ಬರೆದು ಖರ್ಚಿಲ್ಲದೆ ಮರುಪರಿಶೀಲನೆ ಕೇಳುವ ಪದ್ಧತಿ ಇತ್ತು. 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದರು. ಈಗ ಇನ್ನೊಮ್ಮೆ ಅರ್ಜಿ, ಇನ್ನೊಮ್ಮೆ ಶುಲ್ಕ, ಇಲ್ಲವೇ ಬರ್ಲಿನ್ನಿನ ಆಡಳಿತ ನ್ಯಾಯಾಲಯ. ಹತ್ತು ದಿನದ ಪ್ರವಾಸಕ್ಕೆ ಬರ್ಲಿನ್ನಿನಲ್ಲಿ ದಾವೆ ಹೂಡುವವರು ಯಾರು?

ಇದನ್ನೆಲ್ಲ ಕೇಳಬೇಕಾದದ್ದು ಒಬ್ಬೊಬ್ಬ ಅರ್ಜಿದಾರರಲ್ಲ, ದೆಹಲಿಯ ವಿದೇಶಾಂಗ ಸಚಿವಾಲಯ. ಭಾರತ 2014ರ ನವೆಂಬರಿನಲ್ಲಿ ವಿದೇಶಿ ಪ್ರವಾಸಿಗಳಿಗೆ ಆನ್‌ಲೈನ್ ವೀಸಾ ಆರಂಭಿಸಿತು. ರೋಮಿನ ನಿವೃತ್ತ ಶಿಕ್ಷಕಿಯೊಬ್ಬರು ಹಂಪಿ ನೋಡಬೇಕೆಂದರೆ ಮನೆಯಲ್ಲೇ ಕೂತು ಫೋಟೊ, ಪಾಸ್‌ಪೋರ್ಟಿನ ಪುಟ ಕಳಿಸಿದರೆ ಸಾಕು. ಮೂವತ್ತು ದಿನದ ವೀಸಾಕ್ಕೆ ಹೆಚ್ಚಿನ ದೇಶದವರಿಗೆ ಶುಲ್ಕ ತಿಂಗಳನ್ನು ನೋಡಿಕೊಂಡು 10 ಅಥವಾ 25 ಡಾಲರ್. ಧಾರವಾಡದ ಶಿಕ್ಷಕಿ ಬೆರಳಚ್ಚು ಕೊಡಲು ರಜೆಯಿಲ್ಲದ ಮಗನನ್ನು ಕಾದು ಕೇಂದ್ರಕ್ಕೆ ಹೋಗಬೇಕು. ಏಟಿಗೆ ಏಟು ಎಂದು ಹಂಪಿಯ ಬಾಗಿಲು ಹಾಕಿಕೊಳ್ಳುವುದು ದಡ್ಡತನ, ಹೊಸಪೇಟೆಯ ಆಟೋದವರ ಹೊಟ್ಟೆಗೆ ಹೊಡೆತ. ಆದರೆ ಭಾರತ ಮತ್ತು ಯುರೋಪಿನ ಮಾತುಕತೆಗಳಲ್ಲಿ ಕಾರು, ವೈನು, ಉಕ್ಕಿನ ಸುಂಕಕ್ಕೆ ಸಿಗುವ ಗಮನದಲ್ಲಿ ಒಂದಿಷ್ಟು ಈ ಚೌಕಕ್ಕೂ ಸಿಗಬಹುದು. ವೀಸಾ ಚೌಕಾಸಿಯ ವಸ್ತು ಎಂದು ಯುರೋಪಿಗಂತೂ ಚೆನ್ನಾಗಿ ಗೊತ್ತು. ಗಡೀಪಾರಾದ ತನ್ನ ಪ್ರಜೆಗಳನ್ನು ಹಿಂದಕ್ಕೆ ಕರೆಸಿಕೊಳ್ಳಲು ಸಹಕರಿಸಲಿಲ್ಲವೆಂದು 2022ರಲ್ಲಿ ಗ್ಯಾಂಬಿಯಾ ದೇಶದವರ ವೀಸಾ ಶುಲ್ಕವನ್ನು 120 ಯೂರೋಗೆ ಏರಿಸಿತು. ಆ ಏರಿಕೆಯನ್ನು ಆಮೇಲೆ ಹಿಂತೆಗೆದುಕೊಂಡಿತು, ಆದರೆ ಸರ್ಕಾರದ ಬಾಕಿಯನ್ನು ಪ್ರವಾಸಿಯ ಜೇಬಿನಿಂದ ವಸೂಲಿ ಮಾಡಬಹುದೆಂಬ ಕಲಮು ಹಾಗೆಯೇ ಇದೆ.

ದೆಹಲಿಗೆ ಗಟ್ಟಿಯಾಗಿ ಕೇಳಲು ಸಂಕೋಚವಾಗುವುದಕ್ಕೂ ಕಾರಣ ಇರಬಹುದು. ಪಾಕಿಸ್ತಾನದವರಿಗೆ ಕೊಡುತ್ತಿದ್ದ ಭಾರತದ ವೀಸಾಗಳಲ್ಲಿ ಯಾವ ಯಾವ ಊರಿಗೆ ಹೋಗಬಹುದೆಂದು ಹೆಸರು ಹಿಡಿದು ಬರೆದಿರುತ್ತಿತ್ತು; ಆ ಊರುಗಳಲ್ಲಿ ಪೊಲೀಸರ ಮುಂದೆ ಹಾಜರಿ ಹಾಕಬೇಕಿತ್ತು. ಭದ್ರತೆಯ ಕಾರಣ ಇಲ್ಲದಿಲ್ಲ. ಆದರೂ ಹುಟ್ಟಿದ ಊರನ್ನು ನೋಡಲು ಬಂದ ಮುದುಕರೂ ಆ ಸಾಲಿನಲ್ಲೇ ನಿಂತಿದ್ದರು.

ಪುಣೆಯ ಮನೆಯಲ್ಲಿ ಫೈಲು ಮುಗಿಯುತ್ತ ಬಂದಿರುತ್ತದೆ. ನಿಯಮದ ಪ್ರಕಾರ ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಹದಿನೈದು ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ ನಲವತ್ತೈದು. ಬೇಸಿಗೆಯ ರಜೆಗೆ ಹೊರಡುವವರು ಜನವರಿಯಲ್ಲೇ ಮೊದಲು ಮಾಡುವುದು ಕ್ಷೇಮ, ಏಕೆಂದರೆ ನಿಜವಾದ ಕಾಯುವಿಕೆ ಇರುವುದು ಅರ್ಜಿ ಕೊಡಲು ಸಮಯ ಸಿಗುವುದರಲ್ಲಿ. ಕೊನೆಯ ನಿಮಿಷಕ್ಕೆ ಖಾತೆಗೆ ದೊಡ್ಡ ಮೊತ್ತ ತುಂಬಬಾರದು. ಮಗ ಖರ್ಚು ಹೊರುವುದಾದರೆ ತಾಯಿ ಮಗನ ಸಂಬಂಧಕ್ಕೆ ಜನ್ಮಪತ್ರವನ್ನೋ ಪಾಸ್‌ಪೋರ್ಟಿನ ಕೊನೆಯ ಪುಟವನ್ನೋ ಇಡಬೇಕು. ಮನೆಯ ಖಾತೆಯನ್ನು ಈಗಲಾದರೂ ವರ್ಗ ಮಾಡಿಸಿಕೊಳ್ಳುವುದು ಒಳ್ಳೆಯದು, ವೀಸಾಕ್ಕಲ್ಲದಿದ್ದರೂ.

ಎಲ್ಲದರ ಮೇಲಿನ ಪತ್ರವನ್ನು ಶಿಕ್ಷಕಿ ತಾವೇ ಬರೆದಿದ್ದಾರೆ, ಕನ್ನಡದಲ್ಲಿ ಮೊದಲು, ಆಮೇಲೆ ಇಂಗ್ಲಿಷಿಗೆ. ಒಂದು ಪುಟ ತುಂಬ ಫೋರಮ್ಮಿನ ಬಗ್ಗೆ, ಆಪ್ಪಿಯನ್ ದಾರಿಯ ಬಗ್ಗೆ, ಮಕ್ಕಳಿಗೆ ಬರೀ ನಕಾಶೆಯಲ್ಲಿ ತೋರಿಸಿದ್ದನ್ನು ಕಾಲಿನಿಂದ ಅಳೆಯುವ ಆಸೆಯ ಬಗ್ಗೆ. ಏಜೆಂಟು ಓದಿ, ಅದರಲ್ಲಿ ಎರಡು ಸಾಲು ಮಾತ್ರ ಉಳಿಸಿ ಮಿಕ್ಕದ್ದನ್ನು ಹೊಡೆದುಹಾಕುತ್ತಾನೆ. ಹೋಗುವುದರ ಬಗ್ಗೆ ಅಷ್ಟು ಸಾಕು ಅಮ್ಮಾ, ಬರುವುದರ ಬಗ್ಗೆ ಬರೆಯಿರಿ, ಎನ್ನುತ್ತಾನೆ.